ಕತ್ತಲೆಗೂ ದೀಪ ಬೇಕು

ಈಚೆಗೆ ಒಂದು ಭಾನುವಾರ ತರೀಕೆರೆಯ ಮಾವನವರ ಮನೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಎಲ್ಲರೂ ಕೂಡಿ ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗವನ್ನು ಟೀವಿಯಲ್ಲಿ ನೋಡಲು ಕುಳಿತೆವು. ಅರ್ಧ ಗಂಟೆಯೊಳಗೆ ಮಾವನವರು ಕನ್ನಡಕವನ್ನು ಪಂಚೆಯ ಅಂಚಿನಿಂದ ಎರಡು ಸಲ ಒರೆಸಿಕೊಂಡರು. ಅತ್ತೆಯವರು ಎದ್ದು ಬೀದಿಯ ಕಡೆಯ ಕಿಟಕಿಯನ್ನು ಮುಚ್ಚಿ ಬಂದರು. ತೆರೆಯ ಮೇಲೆ ಹೊಡೆದಾಟ ನಡೆದಿತ್ತು. ಹೊಡೆದವರಾರು, ಹೊಡೆಸಿಕೊಂಡವರಾರು ಎಂಬುದನ್ನು ಸದ್ದಿನಿಂದಲೇ ಊಹಿಸಬೇಕಾಗಿತ್ತು. ಕತ್ತಲೆ ಕವಿದಾಗಲೆಲ್ಲ ಟೀವಿಯ ಗಾಜು ಕನ್ನಡಿಯಾಗಿ, ಗೋಡೆಯ ಕ್ಯಾಲೆಂಡರೂ ಸಾಲಾಗಿ ಕುಳಿತ ನಾವು ಐವರೂ ಅದರೊಳಗೆ ಕಾಣುತ್ತಿದ್ದೆವು. “ಇದೇನಪ್ಪಾ, ದುಡ್ಡು ಕೊಟ್ಟು ನಮ್ಮನ್ನೇ ನಾವು ನೋಡ್ಕೊಂಡ ಹಾಗಾಯ್ತು!” ಎಂದರು ಮಾವನವರು.

ಈ ದೂರು ಅವರೊಬ್ಬರದೇ ಅಲ್ಲ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ರಾತ್ರಿಯುದ್ಧದ ಕಂತು ಬಂದಾಗ ಹಲವು ದೇಶಗಳ ಪ್ರೇಕ್ಷಕರು ಇದೇ ಮಾತನ್ನು ಆಡಿದರು. ತಪ್ಪು ಚಿತ್ರೀಕರಣದ್ದಲ್ಲ, ಟೀವಿಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಜನಕ್ಕೆ ತಿಳಿಯದು ಎಂಬರ್ಥದ ಉತ್ತರವನ್ನು ಅದರ ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಕೊಟ್ಟರು.

ಈ ಉತ್ತರದಲ್ಲಿ ಸತ್ಯಾಂಶವಿಲ್ಲದಿಲ್ಲ. ಚಿತ್ರಮಂದಿರದ ತೆರೆಗೆ ಗೊತ್ತುಮಾಡಿರುವ ಬೆಳಕು ಚದರ ಮೀಟರಿಗೆ 48 ಕ್ಯಾಂಡೆಲಾ ಮಾತ್ರ. ಮನೆಯ ಸಾಧಾರಣ ಟೀವಿಯೂ ಅದರ ಹಲವು ಪಟ್ಟು ಬೆಳಗಬಲ್ಲದು. ಹಾಗಿದ್ದೂ ಅಲ್ಲಿ ಕಂಡದ್ದು ಇಲ್ಲಿ ಕಾಣದು. ಏಕೆಂದರೆ ತೆರೆಯ ಕಪ್ಪು ಎಷ್ಟು ಕಪ್ಪಾದೀತೆಂಬುದು ಕೋಣೆಯ ಕತ್ತಲೆಯನ್ನು ಅವಲಂಬಿಸಿದೆ. ಕಿಟಕಿಯ ಬೆಳಕು ಗಾಜಿನ ಮೇಲೆ ಬಿದ್ದಿತೆಂದರೆ ಕಡುಗಪ್ಪಿಗೂ ನಸುಗಪ್ಪಿಗೂ ಇದ್ದ ಅಂತರ ಅಳಿಸಿಹೋಗುತ್ತದೆ. ಸಾಲದ್ದಕ್ಕೆ, ಅಂತರಜಾಲದಲ್ಲಿ ಬರುವ ಚಿತ್ರವನ್ನು ಹಿಂಡಿ ಅಡಕಮಾಡಿ ಕಳಿಸುತ್ತಾರೆ. ಆ ಜಿಪುಣತನ ಎದ್ದು ಕಾಣುವುದು ಕತ್ತಲೆಯ ಭಾಗಗಳಲ್ಲಿಯೇ. ನುಣುಪಾದ ನೆರಳಿರಬೇಕಾದಲ್ಲಿ ಚೌಕಚೌಕವಾದ ತೇಪೆಗಳು. ಅಜ್ಜಂಪುರದಲ್ಲಿ ನಾನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗದೆ ಆಟ ಶುರುಮಾಡುತ್ತಿರಲಿಲ್ಲ. ತೂತುಬಿದ್ದ ಡೇರೆಯೊಳಗೆ ಹಗಲಿನಲ್ಲಿ ಏನೂ ಕಾಣದೆಂಬ ಶಾಸ್ತ್ರ ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು.

ಆದರೂ ವಾಗ್ನರ್ ಅವರ ವಾದವನ್ನು ನಾನು ಒಪ್ಪಲಾರೆ. ಒಂದೇ ತೆರೆಯ ಚಿತ್ರಮಂದಿರಗಳು ಊರೂರಿನಲ್ಲಿ ಬಾಗಿಲು ಹಾಕುತ್ತಿರುವ ಕಾಲವಿದು. ನಮ್ಮಂಥ ತಾಲ್ಲೂಕುಗಳಲ್ಲಿ ಎಷ್ಟೋ ಜನಕ್ಕೆ ಮನೆಯ ನಡುಮನೆಯೇ ಟಾಕೀಸು, ಅಂಗೈಯ ಫೋನೇ ತೆರೆ. ನಿರ್ಮಾಪಕರು ಚಿತ್ರವನ್ನು ಮನೆಗೆ ಮಾರಿದ ಮೇಲೆ ‘ಇದು ಮನೆಯಲ್ಲಿ ನೋಡುವಂಥದಲ್ಲ’ ಎಂದು ನಿರ್ದೇಶಕರು ಹೇಳುವುದು ನ್ಯಾಯವಲ್ಲ.

ಇಷ್ಟಕ್ಕೂ ಕತ್ತಲೆ ಮನೆಯಲ್ಲಿ ಬದುಕಲಾರದೆಂಬುದೇ ಸುಳ್ಳು. ಕಡೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಮುಗಿಸಿದ ಮೇಲೆ ಗಿರೀಶ ಕಾಸರವಳ್ಳಿಯವರ 1977ರ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಕಿಟಕಿಗಳಿಗೆ ಪರದೆಯಿಲ್ಲ, ಪ್ರೊಜೆಕ್ಟರು ಮುದುಕ, ಪ್ರತಿಯೋ ಗೀರುಬಿದ್ದು ಸವೆದದ್ದು. ಯಮುನಕ್ಕ ಹುತ್ತಕ್ಕೆ ಕೈಯಿಡುವ ರಾತ್ರಿ ಬಂದಾಗ ಮಕ್ಕಳು ಗಲಾಟೆ ಮಾಡಿಯಾರೆಂದು ನಾನು ಹೆದರಿದ್ದೆ. ತರಗತಿ ಉಸಿರು ಬಿಗಿಹಿಡಿದು ಕುಳಿತಿತು. ಚಿತ್ರ ಮುಗಿದಾಗ ‘ಕಾಣಲಿಲ್ಲ’ ಎಂದು ಒಬ್ಬರೂ ಅನ್ನಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ನಾಣಿಗೆ ಎಷ್ಟು ಗೊತ್ತಾಗಿತ್ತು ಸಾರ್?” ಎಂದು ಕೇಳಿದಳು.

ಇಡೀ ಕಥೆಯ ಕೀಲು ಇರುವುದು ಆ ಪ್ರಶ್ನೆಯಲ್ಲಿಯೇ. ದೊಡ್ಡವರ ಲೋಕದ ಕ್ರೌರ್ಯ ಆ ಹುಡುಗನಿಗೆ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಕತ್ತಲೆ ಆ ಅರ್ಧ ತಿಳುವಳಿಕೆಯ ಅಳತೆಗೆ ಸರಿಯಾಗಿದೆ. ಏನನ್ನು ಮುಚ್ಚಬೇಕೆಂಬುದಕ್ಕಿಂತ ಏನನ್ನು ಕಾಣಿಸಬೇಕೆಂಬುದನ್ನು ಅವರು ಮೊದಲು ನಿರ್ಧರಿಸಿಕೊಂಡಂತಿದೆ. ಆದ್ದರಿಂದಲೇ ಅದು ನಮ್ಮ ದರಿದ್ರ ಪ್ರೊಜೆಕ್ಟರನ್ನೂ ದಾಟಿ ಬಂತು.

ಆನಂದವರ್ಧನನಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಹೇಗೆ ಜತನಮಾಡುತ್ತಾನೆಯೋ, ಹಾಗೆ ಧ್ವನಿಯನ್ನು ಬಯಸುವ ಕವಿ ವಾಚ್ಯಾರ್ಥವನ್ನು ಜತನಮಾಡಬೇಕು ಎಂದು ‘ಧ್ವನ್ಯಾಲೋಕ’ದಲ್ಲಿ ಅವನು ಹೇಳುತ್ತಾನೆ. ಇದನ್ನು ಪ್ರತಿ ವರ್ಷವೂ ತರಗತಿಯಲ್ಲಿ ಯಾಂತ್ರಿಕವಾಗಿ ಒಪ್ಪಿಸುತ್ತ ಬಂದಿದ್ದ ನನಗೆ ಅದರ ಅರ್ಥವಾದದ್ದು ಮಾವನವರು ಕನ್ನಡಕ ಒರೆಸಿಕೊಂಡ ದಿನ! ತೆರೆಯ ಮೇಲೆ ವಾಚ್ಯವೆಂದರೆ ಕಣ್ಣಿಗೆ ಬೀಳುವಷ್ಟು ಭಾಗ. ಅದೇ ಇಲ್ಲವಾದರೆ ಸೂಚನೆ ಹುಟ್ಟುವುದಾದರೂ ಎಲ್ಲಿಂದ?

ಈ ಜತನಕ್ಕೆ ಮೈಸೂರಿನ ವಿ.ಕೆ. ಮೂರ್ತಿಯವರಿಗಿಂತ ದೊಡ್ಡ ಹೆಸರು ಬೇಕಿಲ್ಲ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೋದ ಕತ್ತಲೆಯೊಳಕ್ಕೆ ತಂದವರು ಅವರು. ಆ ಒಂದು ಬೆಳಕಿನ ಕೋಲಿನಿಂದಲೇ ಸುತ್ತಲಿನ ಕತ್ತಲೆಗೆ ಆಳ ಬಂತು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

‘ಕೆ.ಜಿ.ಎಫ್.’ಗೆ ಅನ್ಯಾಯ ಮಾಡಬಾರದು. 2018ರಲ್ಲಿ ಅದನ್ನು ಶಿವಮೊಗ್ಗದ ಚಿತ್ರಮಂದಿರದಲ್ಲಿ ನೋಡಿದಾಗ ಭುವನ್ ಗೌಡರ ಮಸಿಬಣ್ಣಕ್ಕೆ ಮೈಯಿತ್ತು, ಧೂಳಿಗೆ ತೂಕವಿತ್ತು. ಕೋಲಾರದ ನಿಜವಾದ ಗಣಿ ನೆಲದೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು; ಅಂಥ ಲೋಕದ ಕಥೆಗೆ ಕಪ್ಪು ಸಹಜವಾದ ಬಣ್ಣವೇ. ನನ್ನ ಆಕ್ಷೇಪಣೆ ಬೇರೆ. ಗಣಿಯೂ ಅದೇ ಮಸಿಯಲ್ಲಿ, ಮುಂಬಯಿಯ ಬೀದಿಯೂ ಅದೇ ಮಸಿಯಲ್ಲಿ ಅದ್ದಿ ತೆಗೆದಂತಿದ್ದರೆ ಗಣಿಗೆ ಇಳಿದಾಗ ಆಗಬೇಕಾದ ಭಯ ಎಲ್ಲಿ ಉಳಿಯಿತು? ಎಲ್ಲಕ್ಕೂ ಕಾರ ಹಾಕಿದ ಅಡುಗೆ ಇದು. 2022ರ ‘ಕಾಂತಾರ’ದ ರಾತ್ರಿಗಳು ನಮ್ಮ ಮನೆಯ ಟೀವಿಯಲ್ಲಿಯೂ ನಿಂತವು. ದೀವಟಿಗೆ ಎಲ್ಲಿದೆ, ಅದರ ಬೆಳಕು ಯಾರ ಮುಖಕ್ಕೆ ಬೀಳುತ್ತಿದೆ ಎಂಬ ಲೆಕ್ಕವನ್ನು ಅಲ್ಲಿ ಯಾರೋ ಇಟ್ಟಿದ್ದರು.

‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ನಮ್ಮ ಕೈಗೆ ದೊರೆತರೆ ಮತ್ತೊಮ್ಮೆ ತರಗತಿಯಲ್ಲಿ ಹಾಕಬೇಕೆಂದಿದ್ದೇನೆ. ಸವೆದ ಪ್ರತಿಯಲ್ಲಿ ನಾವು ಕಾಣದೆ ಬಿಟ್ಟದ್ದು ಇನ್ನೇನಿದೆಯೋ ನೋಡಬೇಕು. ಕಿಟಕಿಗಳ ಪರದೆಗಾಗಿ ಪ್ರಾಂಶುಪಾಲರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಮಾವನವರೂ ಅಂದು ಕಡೂರಿಗೆ ಬರುತ್ತೇನೆಂದಿದ್ದಾರೆ.