ಎಡಗಾಲು ಗಿಡ್ಡವಾದ ತಿಗಣೆ

ಮುಂಬಯಿಗೆ ಬಂದು ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸಿದವಳು ನಾನು. ಜರ್ನಲ್‌ನಲ್ಲಿ ಜಿರಲೆಯ ಚಿತ್ರಕ್ಕೆ ಯಾರಾದರೂ ನೆರಳು ಕೊಟ್ಟರೆ ಕೆಂಪು ಗೆರೆ ಎಳೀತಿದ್ದೆ. ಚಂದ ಬೇಡ, ಕಂಡದ್ದಷ್ಟೇ ಸಾಕು ಅಂತ. ಕಾರ್ನೆಲಿಯಾ ಹೆಸ್ಸೆ-ಹೊನೆಗರ್ ಅವರ ಜಲವರ್ಣಗಳನ್ನು ಪುಸ್ತಕದಲ್ಲಿ ನೋಡಿದ ಮೇಲೆ ಆ ಕೆಂಪು ಗೆರೆಗಳ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

1944ರಲ್ಲಿ ಹುಟ್ಟಿದ ಈ ಸ್ವಿಸ್ ಕಲಾವಿದೆ ಜ್ಯೂರಿಕ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಚಿತ್ರ ಬರೆದುಕೊಡುವ ಕೆಲಸದಲ್ಲಿದ್ದವರು. ಆಹಾರದಲ್ಲಿ ರಾಸಾಯನಿಕ ಬೆರೆಸಿ ರೂಪ ಕೆಡಿಸಿದ ಹಣ್ಣುನೊಣಗಳನ್ನು 1967ರಲ್ಲೇ ಸೂಕ್ಷ್ಮದರ್ಶಕದಡಿ ನೋಡಿ ಬರೆದರು. ಚೆರ್ನೋಬಿಲ್ ಸ್ಫೋಟವಾದ ಮರುವರ್ಷ, 1987ರಲ್ಲಿ, ಮಳೆಯೊಂದಿಗೆ ವಿಕಿರಣ ಇಳಿದಿದ್ದ ಸ್ವೀಡನ್ನಿನ ಹಳ್ಳಿಗೆ ಹೋಗಿ ಎಲೆ ತಿಗಣೆಗಳನ್ನು ಹಿಡಿದರು.

ಬಿಳಿ ಕಾಗದದ ಮೇಲೆ ಒಂದೇ ತಿಗಣೆ. ಗಿಡವಿಲ್ಲ, ನೆಲವಿಲ್ಲ. ಹಸಿರು, ಕಂದು, ಒಡವೆಯಂಥ ಹೊಳಪು. ಅಬ್ಬಾ, ಎಷ್ಟು ಚಂದ ಅನ್ನುವಷ್ಟರಲ್ಲಿ ಕಣ್ಣು ಎಡವುತ್ತದೆ: ಒಂದು ಕಾಲು ಗಿಡ್ಡ, ಒಂದು ಮೀಸೆ ಮುದ್ದೆ. ನೇಕಾರ ಒಂದೆಳೆ ತಪ್ಪಿದ ಹಾಗೆ. ಎಡಬಲ ಎರಡನ್ನೂ ಬೇರೆ ಬೇರೆಯಾಗಿ ನೋಡಿಯೇ ಬರೆಯುವ ಲ್ಯಾಬಿನ ಶಿಸ್ತು ಇಲ್ಲದಿದ್ದರೆ ಈ ತಪ್ಪು ಕಾಗದಕ್ಕೆ ಬರುತ್ತಲೇ ಇರಲಿಲ್ಲ. ಬರೀ ಕಲಾವಿದರಾದರೆ ಒಂದು ಪಕ್ಕ ನೋಡಿ ಇನ್ನೊಂದನ್ನು ಅದರಂತೆಯೇ ಮುಗಿಸಿಬಿಡುತ್ತಿದ್ದರು.

1988ರಲ್ಲಿ ಚಿತ್ರಗಳು ಅಚ್ಚಾದಾಗ ವಿಜ್ಞಾನಿಗಳು ಒಪ್ಪಲಿಲ್ಲ. ಇಷ್ಟು ಕಡಿಮೆ ವಿಕಿರಣದಿಂದ ಹೀಗಾಗದು, ಹೋಲಿಸಿ ನೋಡಲು ವಿಕಿರಣ ತಾಕದ ಕೀಟಗಳ ಲೆಕ್ಕ ಎಲ್ಲಿದೆ ಎಂದರು. ಆ ಪ್ರಶ್ನೆ ನನ್ನದೂ ಹೌದು. ಚಿತ್ರ ಹೇಗಿದೆ ಅನ್ನುವುದನ್ನು ತೋರಿಸುತ್ತದೆ, ಯಾಕೆ ಹೀಗಾಯಿತು ಅನ್ನುವುದನ್ನು ಹೇಳಲಾರದು. ಚಿತ್ರದ ಕೆಳಗೆ ಅಣುಸ್ಥಾವರದ ಹೆಸರು ಕಂಡ ಕೂಡಲೆ ನಾವೇ ಉತ್ತರ ತುಂಬಿಕೊಳ್ಳುತ್ತೇವೆ. ಆಕೆಯೂ ಇದನ್ನು ಬಲ್ಲವರಿರಬೇಕು. 16 ಸಾವಿರಕ್ಕೂ ಹೆಚ್ಚು ಕೀಟ ನೋಡಿ, ಎಣಿಸಿ, 2008ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಆದರೂ ನನಗೆ ನೆನಪಿರುವುದು ಆ ಗಿಡ್ಡ ಕಾಲೇ.

ಕಾರಣ ನನ್ನ ಊರು. ಕಾರವಾರದ ಕಡೆಯವಳು ನಾನು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಚುನಾವಣೆಗೇ ನಿಂತಾಗ ಮುಂಬಯಿಯಲ್ಲಿ ಕೂತು ಪೇಪರ್ ಓದಿದವಳು. ಆ ಸ್ಥಾವರದ ಸಂಬಳದಲ್ಲೇ ನನ್ನ ತಮ್ಮನ ಮನೆ ನಡೆಯಿತು.

ಹೋದ ಚೌತಿಗೆ ಊರಿಗೆ ಹೋದಾಗ ಹಿತ್ತಿಲಿನ ಬೆಂಡೆಗಿಡದಲ್ಲೊಂದು ತಿಗಣೆ ಸಿಕ್ಕಿತು. ಕೈಮಸೂರ ಹಿಡಿದು ಕೂತೆ.

"ಅಕ್ಕಾ, ಎಂಥ ಹುಡುಕ್ತೀ?" ಅಂದ ತಮ್ಮ.

"ಏನಿಲ್ಲ ಮಾರಾಯ" ಅಂದೆ. ಆರೂ ಕಾಲು ಸರಿಯಾಗಿದ್ದವು. ನಾನು ಎಣಿಸಿದ್ದು ಒಂದನ್ನೇ.