ರಕ್ಕಸಗಿ–ತಂಗಡಗಿ ಯುದ್ಧದ ಹಿಂದಿನ ದಶಕಗಳು: ಕಲೆ, ಭಾವನೆ, ಮೈತ್ರಿ
(ಕಳಸದ ಶಾಸನದ ಬೆಳಕಿನಲ್ಲಿ ಒಂದು ವಿಮರ್ಶೆ)

ಕ್ರಿ. ಶ. ೧೫೬೫ರ ಜನವರಿಯಲ್ಲಿ ಕೃಷ್ಣಾತೀರದಲ್ಲಿ ನಡೆದು ವಿಜಯನಗರದ ವೈಭವವನ್ನು ಮುರಿದ ಯುದ್ಧದ ವಿಷಯದಲ್ಲಿ ಎರಡು ಮತಗಳು ಪ್ರಚಲಿತವಾಗಿವೆ. ೧೯೦೦ರಲ್ಲಿ ಪ್ರಕಟವಾದ ರಾಬರ್ಟ್ ಸೂಯೆಲರ ಗ್ರಂಥದಿಂದ ಬಲಗೊಂಡ ಮೊದಲನೆಯ ಮತದಂತೆ, ವಿಜಯನಗರವು ದಕ್ಷಿಣದ ಹಿಂದೂಧರ್ಮಕ್ಕೆ ಕಟ್ಟಿದ ಕೋಟೆ. ಯುದ್ಧವು ಎರಡು ಧರ್ಮಗಳ ಅನಿವಾರ್ಯವಾದ ಘರ್ಷಣೆ. ಈಚಿನ ಕಲಾಚರಿತ್ರೆಯ ಸಂಶೋಧನೆಗಳನ್ನು ಆಧಾರವಾಗಿಟ್ಟುಕೊಂಡು ಹಲವರು ಹೇಳುವ ಎರಡನೆಯ ಮತದಂತೆ, ಹಂಪೆಯೂ ಸುಲ್ತಾನರ ರಾಜಧಾನಿಗಳೂ ಒಂದೇ ಸಂಸ್ಕೃತಿಯ ಪಾಲುದಾರರು. ಯುದ್ಧವು ಅಳಿಯ ರಾಮರಾಯನ ಅಹಂಕಾರದಿಂದ ಒದಗಿದ ಆಕಸ್ಮಿಕ. ಈ ಎರಡು ಮತಗಳನ್ನೂ ಪರೀಕ್ಷಿಸಿ, ಮಲೆನಾಡಿನ ಒಂದು ಚಿಕ್ಕ ರಾಜ್ಯವಾದ ಕಳಸದ ಸಾಕ್ಷ್ಯವು ಅವುಗಳ ಮೇಲೆ ಯಾವ ಬೆಳಕನ್ನು ಚೆಲ್ಲುವುದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಮತಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯಗಳು ಪ್ರಬಲವಾಗಿವೆ. ವಿಜಯನಗರದ ಅರಸರು ಆರಂಭಕಾಲದಿಂದಲೇ ‘ಹಿಂದೂರಾಯ ಸುರತ್ರಾಣ’ರೆಂದು, ಎಂದರೆ ಹಿಂದೂ ರಾಯರಲ್ಲಿ ಸುಲ್ತಾನರೆಂದು, ಕರೆಸಿಕೊಂಡರು. ಅವರ ಆಸ್ಥಾನದ ಉಡುಪಾದ ಕಬಾಯಿ ಅರಬರಿಂದಲೂ ಕುಲ್ಲಾಯಿ ಪಾರಸಿಕರಿಂದಲೂ ಬಂದವು. ತಿರುಮಲೆಯ ದೇವಾಲಯದಲ್ಲಿ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲಿರುವುದು ಅದೇ ಎತ್ತರದ ಕುಲ್ಲಾಯಿ. ಇಮ್ಮಡಿ ದೇವರಾಯನ ಸೇವಕ ಅಹಮದ್‌ಖಾನನು ಒಡೆಯನ ಪುಣ್ಯಾರ್ಥವಾಗಿ ೧೪೩೯ರಲ್ಲಿ ಹಂಪೆಯಲ್ಲಿ ಕಟ್ಟಿಸಿದ ಮಸೀದಿಯನ್ನು ಅದರ ಶಾಸನವು ಧರ್ಮಸಾಲೆಯೆಂದು ಕರೆಯುತ್ತದೆ. ಕಮಲಮಹಲಿನಲ್ಲಿ ಸುಲ್ತಾನರ ಶೈಲಿಯ ಕಮಾನುಗಳ ಮೇಲೆ ದೇವಾಲಯದ ಶಿಖರಗಳು ಕುಳಿತಿವೆ. ಫಿಲಿಪ್ ವ್ಯಾಗನರ್ ಅವರು ೧೯೯೬ರ ತಮ್ಮ ಪ್ರಬಂಧದಲ್ಲಿ ಬಿರುದು, ಉಡುಪುಗಳ ಈ ಅಂಶವನ್ನು ವಿಶದವಾಗಿ ಸ್ಥಾಪಿಸಿದ್ದಾರೆ.

ರಾಜನೀತಿಯೂ ಧರ್ಮದ ಗೆರೆಯನ್ನು ಅನುಸರಿಸಲಿಲ್ಲ. ಗೋಲ್ಕೊಂಡೆಯ ರಾಜಕುಮಾರ ಇಬ್ರಾಹಿಂ ಕುತುಬ್‌ಶಹನು ೧೫೪೩ರಿಂದ ೧೫೫೦ರವರೆಗೆ ವಿಜಯನಗರದಲ್ಲಿ ಆಶ್ರಯ ಪಡೆದು, ಮುಂದೆ ತೆಲುಗು ಕವಿಗಳ ಪೋಷಕನಾದನು. ೧೫೪೭ರಲ್ಲಿ ವಿಜಯನಗರವು ಕುದುರೆಗಳ ವ್ಯಾಪಾರಕ್ಕಾಗಿ ಗೋವೆಯ ಪೋರ್ಚುಗೀಸರೊಡನೆ ಕರಾರು ಮಾಡಿಕೊಂಡಿತು. ರಾಮರಾಯನು ಒಮ್ಮೆ ಅಹಮದನಗರದೊಡನೆ ಸೇರಿ ಬಿಜಾಪುರವನ್ನೂ, ೧೫೫೮ರ ಅನಂತರ ಬಿಜಾಪುರದೊಡನೆ ಸೇರಿ ಅಹಮದನಗರವನ್ನೂ ಎದುರಿಸಿದನು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಎರಡನೆಯ ಮತವನ್ನೇ ಅಂಗೀಕರಿಸಬೇಕೆಂದು ತೋರಬಹುದು. ಆದರೆ ಅದೂ ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ಸಮಾನವಾದ ಸಂಸ್ಕೃತಿಯಿದ್ದಲ್ಲಿ ಸೌಹಾರ್ದವಿರಬೇಕೆಂಬುದು ಅದರ ಗೃಹೀತ. ವಾಸ್ತವವಾಗಿ ಆ ಕಾಲದ ವೈರಗಳು ಬೆಳೆದದ್ದು ಆ ಸಮಾನತೆಯ ಒಳಗಿನಿಂದಲೇ. ರಿಚರ್ಡ್ ಈಟನ್ ಮತ್ತು ವ್ಯಾಗನರ್ ಅವರು ೨೦೧೪ರ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ಬಿಜಾಪುರದ ಸುಲ್ತಾನರು ಚಾಲುಕ್ಯರ ಕಾಲದ ಕಂಬಗಳನ್ನು ತಮ್ಮ ಅರಕಿಲ್ಲೆಯ ಹೆಬ್ಬಾಗಿಲಲ್ಲಿ ನಿಲ್ಲಿಸಿದರು. ರಾಮರಾಯನು ತನ್ನ ವಂಶವನ್ನೇ ಚಾಲುಕ್ಯರಿಗೆ ಜೋಡಿಸಿಕೊಂಡನು. ಇಬ್ಬರೂ ಒಂದೇ ಪೂರ್ವಿಕರ ಕೀರ್ತಿಯನ್ನು ಬಯಸಿದುದರಿಂದ, ಆ ಪೂರ್ವಿಕರ ರಾಜಧಾನಿಯಾಗಿದ್ದ ಕಲ್ಯಾಣದ ಕೋಟೆಯು ಮತ್ತೆ ಮತ್ತೆ ಯುದ್ಧಕ್ಕೂ ಸಂಧಿಗೂ ವಿಷಯವಾಯಿತು.

ಅವಮಾನದ ಕಥೆಗಳೂ ಇದನ್ನೇ ಹೇಳುತ್ತವೆ. ಸೋತ ಹುಸೇನ್ ನಿಜಾಂಶಹನು ರಾಮರಾಯನ ಬಳಿಗೆ ಬಂದು ಅವನ ಕೈಯಿಂದ ವೀಳ್ಯ ಸ್ವೀಕರಿಸಬೇಕಾಯಿತೆಂದೂ, ಅವನ ಕೈ ಮುಟ್ಟಿದ ಮೇಲೆ ನೀರು ತರಿಸಿ ಕೈತೊಳೆದುಕೊಂಡನೆಂದೂ ಪಾರಸಿ ಚರಿತ್ರಕಾರರು ಬರೆದಿದ್ದಾರೆ. ರಾಮರಾಯನಿಗೆ ಪುತ್ರಶೋಕ ಒದಗಿದಾಗ ಸಾಂತ್ವನ ಹೇಳಲು ಸ್ವತಃ ವಿಜಯನಗರಕ್ಕೆ ಬಂದಿದ್ದ ಅಲಿ ಆದಿಲ್‌ಶಹನು, ಹಿಂದಿರುಗುವಾಗ ರಾಮರಾಯನು ತನ್ನನ್ನು ಮರ್ಯಾದೆಯಂತೆ ಕಳುಹಿಸಿಕೊಡಲಿಲ್ಲವೆಂದು ನೊಂದನೆಂಬುದು ಫಿರಿಷ್ತಾನ ಹೇಳಿಕೆ. ಈ ಕಥೆಗಳಲ್ಲಿ ಗೆದ್ದವರ ಪಕ್ಷಪಾತವಿರುವುದು ಸಹಜ. ಆದರೂ ವೀಳ್ಯದ ಅರ್ಥವಾಗಲಿ, ಬೀಳ್ಕೊಡುಗೆಯ ಮರ್ಯಾದೆಯಾಗಲಿ ಉಭಯ ಪಕ್ಷಗಳಿಗೂ ತಿಳಿದಿರದಿದ್ದರೆ ಇಲ್ಲಿ ಅವಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ಒಂದೇ ನುಡಿಯನ್ನು ಬಲ್ಲವರಿಗಲ್ಲವೆ ಬೈಗುಳ ತಾಕುವುದು! ಕೊನೆಗೆ ಸುಲ್ತಾನರನ್ನು ಕೂಡಿಸಿದ್ದು ಕೇವಲ ಧರ್ಮದ ಕರೆಯಲ್ಲ; ಅಹಮದನಗರದ ಚಾಂದಬೀಬಿಯನ್ನು ಅಲಿ ಆದಿಲ್‌ಶಹನಿಗೆ ಸೊಲ್ಲಾಪುರದ ಕೋಟೆಯೊಡನೆ ಕೊಟ್ಟು, ಅಲಿಯ ಸೋದರಿಯನ್ನು ಹುಸೇನನ ಮಗನಿಗೆ ತಂದುಕೊಂಡ ಬೀಗತನ.

ದೊಡ್ಡ ಆಸ್ಥಾನಗಳ ಈ ವಾದದಲ್ಲಿ ಸಾಮಂತರ ಮಾತನ್ನು ಎರಡು ಮತದವರೂ ಕೇಳಿಲ್ಲ. ಭದ್ರಾನದಿಯ ತೀರದ ಕಳಸವನ್ನೂ ಘಟ್ಟದ ಕೆಳಗಿನ ಕಾರ್ಕಳವನ್ನೂ ಆಳಿದ ಭೈರರಸ ಒಡೆಯರು ಹೊಂಬುಜದ ಸಾಂತರರ ಪರಂಪರೆಯವರು, ಜಿನಭಕ್ತರು. ಕಾರ್ಕಳದ ಗೊಮ್ಮಟನನ್ನು ೧೪೩೨ರಲ್ಲಿ ನಿಲ್ಲಿಸಿದವರೂ, ಕಳಸನಾಥನ ಗುಡಿಗೆ ದತ್ತಿಗಳನ್ನು ಬಿಟ್ಟವರೂ ಇವರೇ. ಲೂಯಿ ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಪ್ರಕಟಿಸಿದ ಕಳಸದ ೧೫೧೬ರ ಶಾಸನವೊಂದು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ವಿಜಯನಗರದ ದಂಡು ತುಳುರಾಜ್ಯದ ಮೇಲೆ ಬಂದು ಮಂಗಳೂರಿನಲ್ಲಿ ಬೀಡುಬಿಟ್ಟಾಗ ಇಮ್ಮಡಿ ಭೈರರಸನು ಸಂಕಟಕ್ಕೆ ಸಿಕ್ಕಿ, ದಂಡು ಹಿಂದಿರುಗಿ ತನ್ನ ರಾಜ್ಯವು ಉಳಿದರೆ ಕಳಸನಾಥನ ಸೇವೆ ಮಾಡಿಸುವೆನೆಂದು ಹರಕೆ ಹೊತ್ತ ಸಂಗತಿ ಅದರಲ್ಲಿದೆ.

ಈ ಶಾಸನದ ಮುಂದೆ ಎರಡು ಮತಗಳೂ ತಡವರಿಸುತ್ತವೆ. ಕಳಸಕ್ಕೆ ಭಯವನ್ನು ತಂದದ್ದು ಸುಲ್ತಾನರ ಸೈನ್ಯವಲ್ಲ, ಹಿಂದೂಧರ್ಮದ ಕೋಟೆಯೆನಿಸಿದ ವಿಜಯನಗರದ ದಂಡೇ. ಇದು ಮೊದಲನೆಯ ಮತಕ್ಕೆ ಉತ್ತರ. ಜಿನಭಕ್ತನು ಶಿವನಿಗೆ ಹರಕೆ ಹೊತ್ತ ಈ ನಾಡಿನಲ್ಲಿ ಸಮನ್ವಯಕ್ಕೆ ಕೊರತೆಯಿರಲಿಲ್ಲ. ಆದರೆ ಆ ಸಮನ್ವಯವು ದಂಡನ್ನು ತಡೆಯಲಿಲ್ಲ. ಇದು ಎರಡನೆಯ ಮತಕ್ಕೆ ಉತ್ತರ. ಅರಸನಿಗೆ ದೇವಾಲಯದ ಸೇವೆಯು ಭಕ್ತಿಯೂ ಹೌದು, ರಾಜ್ಯದ ಮೇಲಿನ ತನ್ನ ಹಕ್ಕನ್ನು ಕಲ್ಲಿನಲ್ಲಿ ಬರೆಯಿಸುವ ಬಗೆಯೂ ಹೌದು.

ಹಂಪೆ ಹಾಳಾಗಿ ಇಪ್ಪತ್ತೊಂದು ವರ್ಷಗಳು ಕಳೆದ ಮೇಲೆ, ೧೫೮೬ರಲ್ಲಿ, ಇದೇ ಮನೆತನದವರು ಕಾರ್ಕಳದಲ್ಲಿ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯನ್ನು ಕಟ್ಟಿಸಿದರು. ಸಾಮ್ರಾಜ್ಯದ ಪತನದೊಡನೆ ದಕ್ಷಿಣದ ಕಲೆಯೂ ಅಸ್ತಮಿಸಿತೆಂಬ ಮಾತಿಗೆ ಇದೊಂದೇ ಕಟ್ಟಡ ಸಾಕಷ್ಟು ಪ್ರತ್ಯುತ್ತರ. ಆದರೆ ೧೭ನೆಯ ಶತಮಾನದಲ್ಲಿ ಇವರ ರಾಜ್ಯವು ಕೆಳದಿಯ ನಾಯಕರ ವಶವಾಯಿತು. ಬಸದಿಯ ಸೊಬಗು ರಾಜ್ಯವನ್ನು ಉಳಿಸಲಿಲ್ಲ.

ಈ ಚರ್ಚೆ ವಿದ್ವಾಂಸರ ಒಣತರ್ಕವಲ್ಲ. ಮೊದಲನೆಯ ಮತವನ್ನೇ ಕಲಿತ ವಿದ್ಯಾರ್ಥಿಯು ನೆರೆಯವನನ್ನು ನಿತ್ಯವೈರಿಯೆಂದು ತಿಳಿದಾನು. ಎರಡನೆಯದನ್ನೇ ಕಲಿತವನು ಒಂದೇ ಬಗೆಯ ಉಡುಪು, ಕಮಾನು, ಕಾವ್ಯಗಳಿಂದಲೇ ಶಾಂತಿ ನೆಲೆಸೀತೆಂದು ನಂಬಿಯಾನು. ಕಲೆಯು ರಾಜ್ಯಗಳಿಗೆ ಒಂದು ಸಮಾನವಾದ ನುಡಿಯನ್ನು ಒದಗಿಸುತ್ತದೆ. ಆ ನುಡಿಯಲ್ಲಿ ಸಂಧಿಯ ಮಾತನ್ನಾಡಬೇಕೋ ಸವಾಲಿನ ಮಾತನ್ನಾಡಬೇಕೋ ಎಂಬುದು ಆಳುವವರ ವಿವೇಕಕ್ಕೆ ಸೇರಿದ್ದು. ಆದಕಾರಣ ೧೫೬೫ನ್ನು ಬೋಧಿಸುವಾಗ ಹಂಪೆ, ಬಿಜಾಪುರಗಳ ಅವಶೇಷಗಳೊಡನೆ ಕಳಸದಂತಹ ಊರುಗಳ ಶಾಸನಗಳನ್ನೂ ತರಗತಿಯಲ್ಲಿ ಓದಿಸಬೇಕೆಂದು ನಾವು ಸೂಚಿಸುತ್ತೇವೆ. ದೊಡ್ಡವರ ಮೈತ್ರಿಗೂ ವೈರಕ್ಕೂ ಬೆಲೆ ತೆತ್ತವರ ಮಾತು ಅವುಗಳಲ್ಲಿ ಇನ್ನೂ ಉಳಿದಿದೆ.