ಕಣ್ಮುಚ್ಚಿ ತೆರೆದು ನೋಡಿ

ಮಲ್ಟಿಟೂಲ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲೆ ಬರೆದ ಉಪಕರಣಗಳ ಸಂಖ್ಯೆಯ ಮೇಲೆ. ಬಾಟಲಿ ಮುಚ್ಚಳ ಎಬ್ಬಿಸುವ ಕೊಕ್ಕೆ, ಹಿಡಿಯ ಮೇಲೆ ಕೊರೆದ ಸ್ಕೇಲಿನ ಗೆರೆ ಎಲ್ಲವೂ ಆ ಲೆಕ್ಕಕ್ಕೆ ಜಮೆ. ಆದರೆ ಕರೆಂಟು ಹೋಗಿ, ಕೈ ಒದ್ದೆಯಾಗಿ, ಜೀವ ಗಡಿಬಿಡಿಯಲ್ಲಿರುವ ಹೊತ್ತಿಗೆ ಬೇಕಾದ ಪರೀಕ್ಷೆ ಒಂದೇ: ಕಣ್ಮುಚ್ಚಿ ತೆರೆಯಲು ಬರುತ್ತದೆಯೇ?

ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಜೇಬಿನಲ್ಲಿ ಚಾಕು ಇತ್ತು, ಇಕ್ಕಳ ಇರಲಿಲ್ಲ. ಆ ಕೊರತೆಯೇ 1983ರಲ್ಲಿ ಮಡಚುವ ಇಕ್ಕಳವಾಗಿ ಮಾರುಕಟ್ಟೆಗೆ ಬಂತು. ಹಾಗಾಗಿ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಇಕ್ಕಳ ಮುಚ್ಚಿ ಬೆಳಕಿಗೆ ಹಿಡಿಯಿರಿ. ಮೂತಿಯ ತುದಿ ಸರಿಯಾಗಿ ಕೂಡಬೇಕು. ಕೀಲು ಅಲುಗಾಡಬಾರದು, ಒತ್ತಿದಾಗ ಹಿಡಿಗಳ ಸಂದಿಗೆ ಅಂಗೈ ಸಿಕ್ಕಬಾರದು. ತೆರೆದ ಚಾಕು ಲಾಕ್ ಆಗಲೇಬೇಕು, ಇಲ್ಲವಾದರೆ ಜಾರಿ ಬೆರಳ ಮೇಲೇ ಮಡಚಿಕೊಳ್ಳುತ್ತದೆ. 1998ರಲ್ಲಿ ಬಂದ ಲೆದರ್‌ಮನ್ ವೇವ್‌ನ ಹೆಚ್ಚುಗಾರಿಕೆ ಇಲ್ಲಿದೆ: ಹಿಡಿ ಬಿಡಿಸದೆ, ಹೆಬ್ಬೆರಳಿಂದಲೇ ಚಾಕು ಹೊರಗೆಳೆಯಬಹುದು. ಇನ್ನೊಂದು ಕೈಯಲ್ಲಿ ಟಾರ್ಚೋ ಮಗುವೋ ಇದ್ದಾಗ ಅದರ ಬೆಲೆ ತಿಳಿಯುತ್ತದೆ. ಸೀಟ್‌ಬೆಲ್ಟಿಗೂ ಹಗ್ಗಕ್ಕೂ ಹಲ್ಲುಳ್ಳ ಅಲಗು ಒಳ್ಳೆಯದು. ಆದರೆ ಹಿಡಿ ಬರೀ ಲೋಹ. ಇದನ್ನು ಹಿಡಿದು ಕರೆಂಟಿನ ತಂತಿಯ ಹತ್ತಿರ ಸುಳಿಯಬೇಡಿ. ಮನೆಯ ವೈರಿಂಗಿಗೆ ಇನ್ಸುಲೇಷನ್ ಇರುವ ಕಟಿಂಗ್ ಪ್ಲೇಯರ್ ಬೇರೆಯೇ ಇರಲಿ, ಅದನ್ನೂ ಮೇನ್ ಸ್ವಿಚ್ ಆರಿಸಿದ ಮೇಲೆಯೇ ಬಳಸಿ.

ಇಡುವುದು ಕೊಳ್ಳುವುದಕ್ಕಿಂತ ಸೂಕ್ಷ್ಮ. ಹರಿತ ಉಳಿಯಲೆಂದು ಗಟ್ಟಿಗೊಳಿಸಿದ ಸ್ಟೇನ್‌ಲೆಸ್ ಸ್ಟೀಲಿಗೆ ಅಡುಗೆಮನೆಯ ಲೋಟದಷ್ಟು ತುಕ್ಕು ತಡೆಯುವ ಶಕ್ತಿ ಇಲ್ಲ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗಾಲಕ್ಕೆ ಮೊದಲು ಕೆಂಪಾಗುವುದು ಕಣ್ಣಿಗೆ ಕಾಣದ ಕೀಲಿನ ಒಳಗೆ. ಚರ್ಮದ ಚೀಲ ನೋಡಲು ಚೆಂದ, ಆದರೆ ತೇವ ಹೀರಿ ಹಿಡಿದಿಡುತ್ತದೆ. ಎತ್ತಿಡಲು ನೈಲಾನ್ ಚೀಲ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಲೇಸು. ಮಳೆಗೆ ಮುನ್ನ ಕೀಲಿಗೊಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು, ಮಿಕ್ಕಿದ್ದನ್ನು ಒರೆಸಿ. ಜಿಡ್ಡು ಉಳಿದರೆ ದೂಳು ಕೂರುತ್ತದೆ. ಮಳೆಗಾಲ ಏನು ಮಾಡಿದೆಯೆಂದು ನೋಡಲು ಆಯುಧಪೂಜೆ ಇದ್ದೇ ಇದೆ. ಕುಂಕುಮ ಹಚ್ಚುವ ಮೊದಲು ಪ್ರತಿ ಅಲಗನ್ನೂ ಬಿಡಿಸಿ ನೋಡಿ, ಪೂಜೆ ಮುಗಿದ ಮೇಲೆ ನೀರಿನ ಪಸೆ ಒರೆಸಿಡಿ.

ಕಾರಿನಲ್ಲಾದರೆ ಡಿಕ್ಕಿಯಲ್ಲಿಟ್ಟು ಪ್ರಯೋಜನವಿಲ್ಲ. ಬೆಲ್ಟಿಗೆ ಸಿಕ್ಕಿಕೊಂಡವರ ಕೈ ಅಲ್ಲಿಗೆ ಹೋಗದು. ಡ್ರೈವರ್ ಕೂತಲ್ಲಿಂದಲೇ ಎಟುಕಬೇಕು. ಮನೆಯಲ್ಲಿ ಟಾರ್ಚಿನ ಪಕ್ಕವೇ ಅದರ ಜಾಗ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ವಿಮಾನ ಹತ್ತುವ ದಿನ ಮಾತ್ರ ಚೆಕ್-ಇನ್ ಲಗೇಜಿಗೆ ಹಾಕಿ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲೇ ಉಳಿಯುತ್ತದೆ.

ಈ ಭಾನುವಾರ ಮನೆಯ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಕಣ್ಮುಚ್ಚಿ ಇಕ್ಕಳವನ್ನಷ್ಟೇ ಬಿಡಿಸಿ ನೋಡಿ. ಅಜ್ಜಿಯ ಬೆರಳಿಗೆ ಹಿಡಿ ಬಗ್ಗದಿದ್ದರೆ ಅವರಿಗೆ ಸಾದಾ ನೋಸ್ ಪ್ಲೇಯರ್ ಒಂದನ್ನು ಪಕ್ಕದಲ್ಲೇ ಇಡಿ.